ಹಳ್ಳದ ಉಸುಕಿನಲ್ಲಿ ಎರಡನೆಯ ಗಾಡಿ

ದೆವ್ವ ಭೂತದ ಮಾತು ಶುರುವಾದರೆ ಎದ್ದು ಹೋಗುತ್ತಿದ್ದವರ ಪೈಕಿ ನಾನು. ಯಾರಿಗಾದರೂ ಗಾಳಿ ಸೋಕಿದೆ ಎಂದರೆ, ಮೊದಲು ಅವನು ಹೊಟ್ಟೆಗೆ ಏನು ತಿಂದಿದ್ದಾನೆ ಕೇಳಿ ಎಂದು ರೇಗುತ್ತಿದ್ದೆ. ಈಗ ರೇಗುವುದಿಲ್ಲ. ನಂಬಿಬಿಟ್ಟೆ ಎಂದಲ್ಲ, ಬಾಯಿ ಮುಚ್ಚಿಕೊಂಡು ಕೇಳುತ್ತೇನೆ, ಅಷ್ಟೇ. ಇದನ್ನು ಓದಿ ನೀವು ನಕ್ಕರೂ ನನ್ನ ತಕರಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದನ ಕುರಿಗಳಿಗೆ ಸೂಜಿ ಹಾಕುವ ಸರಕಾರಿ ಕೆಲಸ ನನ್ನದು. ಮೂರು ವರ್ಷ ರಾಯಬಾಗದಲ್ಲಿ ಕಬ್ಬಿನ ಹಸಿರು ನೋಡಿಕೊಂಡು ಸುಖವಾಗಿದ್ದೆ. ಆಮೇಲೆ ಅಥಣಿಗೆ ವರ್ಗವಾಯಿತು. ಅಥಣಿ ಎಂದರೆ ಕೃಷ್ಣೆ, ದ್ರಾಕ್ಷಿ ಎಂದುಕೊಂಡು ಬಂದವನ ಪಾಲಿಗೆ ಬಂದದ್ದು ತಾಲೂಕಿನ ಮೂಡಲ ತುದಿ. ಅಲ್ಲಿ ನೆರಳಿಲ್ಲ, ನೀರಿಲ್ಲ, ಡಾಂಬರಿಲ್ಲ. ಇದ್ದದ್ದು ಕಲ್ಲು, ಉಸುಕು, ಜಾಲಿಕಂಟಿ ಮತ್ತು ಕುರಿ. ಬಸ್ಸು ಇಳಿದ ಮೇಲೆ ಕುರಿ ಕೂಡುವ ದಡ್ಡಿಯ ತನಕ ನಡೆದೇ ಹೋಗಬೇಕು. ಬೇನೆ ಬಿದ್ದ ಸುದ್ದಿ ನನಗೆ ಮುಟ್ಟಿ, ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅರ್ಧ ಹಿಂಡು ಕಾಲು ಚಾಚಿರುತ್ತಿತ್ತು. ಕುರಿಗಾರರು ಬೈಯುತ್ತಿರಲಿಲ್ಲ. ಸುಮ್ಮನೆ ನಿಂತು ಧೂಳು ಮೆತ್ತಿದ ನನ್ನ ಚಪ್ಪಲಿ ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಸಾಲ ಸೋಲ ಏನಾದರಾಗಲಿ, ಒಂದು ಮೋಟಾರ್ ಸೈಕಲ್ ತೆಗೆದುಕೊಳ್ಳಲೇಬೇಕು ಎಂದು ನಿಶ್ಚಯಿಸಿದೆ.

ಅಥಣಿಯಲ್ಲಿ ದಸ್ತಗೀರ್ ಎಂಬ ಮಿಸ್ತ್ರಿಯ ಅಂಗಳದಲ್ಲಿ ಎರಡು ಹಳೆಯ ಗಾಡಿಗಳು ಮಾರಾಟಕ್ಕಿದ್ದವು. ಒಂದು ಭಾರದ್ದು, ಗುಡುಗುಡು ಸಪ್ಪಳದ್ದು, ಹತ್ತಿ ಕೂತರೆ ಫೌಜದಾರನ ಗತ್ತು ಬರುವಂಥದ್ದು. ಇನ್ನೊಂದು ಬಡಕಲು ಟೂ-ಸ್ಟ್ರೋಕ್. ಸೈಲೆನ್ಸರನ್ನು ಎತ್ತರಕ್ಕೆ ಕಟ್ಟಿ, ಹಿಂದಿನ ಗಾಲಿಗೆ ರಬ್ಬರಿನ ಗುಂಡಿ ಗುಂಡಿ ಎದ್ದ ದಪ್ಪ ಟೈರ್ ಹಾಕಿದ್ದರು. ಮಿಸ್ತ್ರಿ ಈ ಬಡಕಲಿನ ಕಡೆಗೇ ಕೈ ತೋರಿಸಿದ.

“ಉಸುಕಿನ್ಯಾಗ ಇದ ಬೇಕ್ರಿ ಸಾಹೇಬ್ರ. ಹಗುರ ಐತಿ, ತಳ ಬಡಿಯೂದಿಲ್ಲ. ಆ ದೊಡ್ಡದು ಬಿತ್ತಂದ್ರ ಒಬ್ಬಾಂವಗ ಎತ್ತಾಕ ಆಗೂದಿಲ್ಲ.”

ಪ್ರಾಮಾಣಿಕ ಮನುಷ್ಯ. ಟೈರಿನ ಒಂದು ಗುಂಡಿ ಕಿತ್ತುಹೋಗಿದ್ದನ್ನೂ ತಾನಾಗಿ ತೋರಿಸಿದ. ಆದರೆ ಅದರ ಇಂಜಿನ್ ಬಿಚ್ಚಿ ಹಲಗೆಯ ಮೇಲೆ ಹರವಿದ್ದ. ಪಿಸ್ಟನ್ ನಿಪ್ಪಾಣಿಯಿಂದ ಬರಬೇಕು, ಎಂಟು ದಿನ ತಡೆಯಿರಿ ಎಂದ. ನನಗೆಲ್ಲಿಯ ತಾಳ್ಮೆ? ದೊಡ್ಡದನ್ನೇ ನೋಡುತ್ತೇನೆ ಎಂದೆ.

ನಮ್ಮ ಕಡೆ ಎತ್ತು ಕೊಳ್ಳುವವರು ಸಂತೆಯಲ್ಲೇ ಮಾತು ಮುಗಿಸುವುದಿಲ್ಲ. ಹೊಡೆದುಕೊಂಡು ಬಂದು, ಬಂಡಿಗೆ ಹೂಡಿ, ತುಂಬ ಹೇರಿ, ಹಳ್ಳ ಇಳಿಸಿ ಹತ್ತಿಸಿ ನೋಡುತ್ತಾರೆ. ಮಂಡಿಯೂರಿದರೆ ಮರಳಿ ಒಪ್ಪಿಸುತ್ತಾರೆ. ಮಿಸ್ತ್ರಿ ಗಾಡಿಯನ್ನೂ ಹಾಗೆಯೇ ಒಂದು ದಿನ ನೋಡಲು ಕೊಡುತ್ತಿದ್ದ. ನಾನು ಕಬ್ಬೂರಿನ ಒಕ್ಕಲುತನದ ಮನೆಯವನು, ಎತ್ತು ನೋಡುವುದು ಗೊತ್ತು, ಮೋಟಾರು ನೋಡುವುದು ಗೊತ್ತಿಲ್ಲ. ತುಂಬಿದ ಹಿಂಡಿಯ ಚೀಲವೊಂದನ್ನು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದೆ. ಎತ್ತಿಗೆ ಮಾಡುವ ಪರೀಕ್ಷೆಯನ್ನೇ ಗಾಡಿಗೂ ಮಾಡಲು ಹೊರಟೆ. ಮಿಸ್ತ್ರಿ “ಬ್ಯಾಡ್ರಿ” ಎಂದದ್ದು ಕೇಳಿಸಿತ್ತು, ಕೇಳಿಸದವನಂತೆ ನಟಿಸಿದೆ. ಎಂಥ ಕತ್ತೆ ನಾನು!

ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಡಾಂಬರು ಬಿಟ್ಟು ಒಂದು ತಾಸು ಹೋದ ಮೇಲೆ ಬತ್ತಿದ ಹಳ್ಳ ಸಿಕ್ಕಿತು. ಬೇಕೆಂದೇ ಇಳಿಸಿದೆ. ನಡುವಿನ ಉಸುಕಿನಲ್ಲಿ ಮುಂದಿನ ಗಾಲಿ ಹೂತಿತು, ಚೀಲ ಒಂದು ಕಡೆ ಜರುಗಿತು, ಗಾಡಿ ನನ್ನ ಬಲಗಾಲಿನ ಮೇಲೆ ಮಲಗಿಬಿಟ್ಟಿತು. ಕಾದ ಸೈಲೆನ್ಸರ್ ಮೀನಖಂಡಕ್ಕೆ ಅಂಟಿತು. ನಾನು ಕೂಗಿದ್ದು ಯಾರಿಗೆ ಕೇಳಬೇಕು? ಎಷ್ಟು ನೂಕಿದರೂ ಅದು ಅಲುಗಲಿಲ್ಲ. ನೀರಿನ ಬಾಟಲಿ ಕೈಗೆ ಎಟುಕದಷ್ಟು ದೂರಕ್ಕೆ ಉರುಳಿತ್ತು. ಪೆಟ್ರೋಲ್ ತೊಟ್ಟಿಕ್ಕುವ ವಾಸನೆ ಬರುತ್ತಿತ್ತು. ಈ ದಾರಿಯಲ್ಲಿ ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ ಎಂಬುದು ಆಗ ನೆನಪಾಯಿತು.

ಸೂರ್ಯ ನೆತ್ತಿಯಿಂದ ಒಂದಿಷ್ಟು ವಾಲಿದ ಮೇಲೆ ದೂರದಲ್ಲಿ ಗಾಡಿಯ ಸಪ್ಪಳ ಕೇಳಿತು. ಟೂ-ಸ್ಟ್ರೋಕಿನ ಕರ್ಕಶ ಸಪ್ಪಳ. ನನಗೆ ಅಳುವೇ ಬಂತು. ಇದ್ದ ಬಲವೆಲ್ಲ ಹಾಕಿ ಕೂಗಿದೆ. ಸಪ್ಪಳ ದಂಡೆಗೆ ಬಂತು, ಹಳ್ಳಕ್ಕೆ ಇಳಿಯಿತು, ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತು ಗುರುಗುಟ್ಟಿತು. ಅಲ್ಲಿ ಯಾರೂ ಇರಲಿಲ್ಲ. ಗಾಡಿಯೂ ಇರಲಿಲ್ಲ.

ಬಿಸಿಲಿಗೆ ತಲೆ ತಿರುಗಿದೆ ಎಂದುಕೊಂಡೆ. ಅಷ್ಟರಲ್ಲಿ ಸಪ್ಪಳ ನನ್ನನ್ನು ಸುತ್ತತೊಡಗಿತು. ಅದರ ಜೊತೆ ಉಸುಕಿನಲ್ಲಿ ಒಂದು ಗೆರೆ ಮೂಡುತ್ತಿತ್ತು. ನಾನು ಕಣ್ಣು ಬಿಟ್ಟು ನೋಡುತ್ತಿದ್ದ ಹಾಗೆಯೇ ಗುಂಡಿ ಗುಂಡಿ ಅಚ್ಚು ಒಂದರ ಮುಂದೊಂದು ಒತ್ತಿಕೊಳ್ಳುತ್ತ ಬಂತು. ನಡುನಡುವೆ, ಒಂದು ಗುಂಡಿ ಕಿತ್ತುಹೋದ ಜಾಗದಲ್ಲಿ, ಅಚ್ಚು ಖಾಲಿ. ಒಂದು ಸುತ್ತು, ಎರಡು ಸುತ್ತು, ಪ್ರತಿ ಸುತ್ತಿಗೂ ಇನ್ನಷ್ಟು ಹತ್ತಿರ. ಸುಟ್ಟ ಆಯಿಲ್ ಹೊಗೆ ಮೂಗಿಗೆ ಬಡಿಯಿತು. ಕಾಲಿನ ಉರಿ ಮರೆತುಹೋಯಿತು, ಸಾಯುವ ಭಯವೂ ಮರೆತುಹೋಯಿತು. ಅದು ನನ್ನನ್ನು ಮುಟ್ಟಬಾರದು, ಅಷ್ಟೇ ಬೇಕಾಗಿತ್ತು. “ಬರಬ್ಯಾಡ, ಹೋಗು” ಎಂದು ಚೀರಿದೆ. ಯಾರಿಗೆ ಚೀರಿದೆನೋ.

ಸಪ್ಪಳ ನನ್ನ ಬೆನ್ನ ಹಿಂದೆ ಬಂದು ನಿಂತಿತು. ತಿರುಗಿ ನೋಡುವ ಧೈರ್ಯ ಆಗಲಿಲ್ಲ. ಆಗ ನನ್ನ ಮೇಲಿದ್ದ ಗಾಡಿಯ ಹಿಂಭಾಗ, ಚೀಲದ ಸಮೇತ, ಒಂದು ಗೇಣು ಮೇಲೆದ್ದಿತು. ಕಾಲನ್ನು ಹೇಗೆ ಎಳೆದುಕೊಂಡೆನೋ ಗೊತ್ತಿಲ್ಲ. ಮೊಣಕೈ ಊರಿ ತೆವಳಿದೆ. ಗಾಡಿ ದೊಪ್ಪೆಂದು ಮತ್ತೆ ಬಿತ್ತು. ಸಪ್ಪಳ ದೂರ ಹೋಗಲಿಲ್ಲ, ಕೀಲಿ ತಿರುವಿದಂತೆ ನಿಂತುಹೋಯಿತು.

ಸ್ವಲ್ಪ ಹೊತ್ತಿಗೆ ಮಾಳಪ್ಪ ಎಂಬ ಮುದುಕ ಕುರಿ ಬಿಟ್ಟುಕೊಂಡು ದಂಡೆಗೆ ಬಂದ. ಗುರುತಿನವನೇ, ಎರಡು ಸಲ ಅವನ ದಡ್ಡಿಗೆ ಸೂಜಿ ಹಾಕಲು ಹೋಗಿದ್ದೆ. ನೀರು ಕುಡಿಸಿದ. ಆಮೇಲೆ ಸುತ್ತಮುತ್ತ ನೋಡಿ ಕೇಳಿದ.

“ಡಾಕ್ಟರ್ರ, ಎರಡ ಗಾಡಿ ಸಪ್ಪಳ ಕೇಳಿದ್ನಿ. ನಿಮ್ಮನ್ನ ಎತ್ತಿದಾಂವ ಎಲ್ಲಿ ಹ್ವಾದ?”

ಇಬ್ಬರೂ ಉಸುಕು ನೋಡಿದೆವು. ದಂಡೆಯಿಂದ ಇಳಿದು ಬಂದದ್ದು ನನ್ನ ಗಾಡಿಯ ಗೆರೆ ಒಂದೇ. ಗುಂಡಿ ಟೈರಿನ ಗೆರೆ ನನ್ನ ಸುತ್ತ ಮಾತ್ರ ಇತ್ತು. ಎಲ್ಲಿಂದಲೂ ಬಂದಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ.

ಅವನು ಕರೆತಂದ ಬಂಡಿಯಲ್ಲಿ ಅವನ ಜೊತೆಗೇ ಅಥಣಿ ಸೇರಿ, ಆಸ್ಪತ್ರೆಗೂ ಮೊದಲು ಮಿಸ್ತ್ರಿಯ ಅಂಗಳಕ್ಕೆ ಹೋದೆ. ಬಡಕಲು ಗಾಡಿ ಇದ್ದಲ್ಲೇ ಇತ್ತು. ಇಂಜಿನ್ ಹಲಗೆಯ ಮೇಲೆ ತುಂಡು ತುಂಡಾಗಿ ಬಿದ್ದಿತ್ತು, ಪಿಸ್ಟನ್ ಇನ್ನೂ ಬಂದಿರಲಿಲ್ಲ. ಇದರ ಹಿಂದಿನ ಮಾಲಕ ಯಾರು, ಏನಾದ ಎಂದು ಕೇಳಿದೆ.

“ಚಿಕ್ಕೋಡ್ಯಾಗ ಸಾಲಿ ಮಾಸ್ತರ ಅದಾರ್ರಿ. ಏನಾಗೈತಿ ಅವ್ರಿಗೆ? ಸ್ಕೂಟರ್ ತಗೊಂಡಾರ, ಅದಕ್ಕ ಇದನ್ನ ಕೊಟ್ಟಾರ,” ಎಂದ ಮಿಸ್ತ್ರಿ.

ಸತ್ತವರ ಗಾಡಿಯಾಗಿದ್ದರೆ ಒಂದು ಸಮಾಧಾನವಾದರೂ ಇರುತ್ತಿತ್ತು. ಕಾರಣ ಸಿಕ್ಕಿತು ಎಂದು ಹೇಳಿಕೊಳ್ಳಬಹುದಿತ್ತು. ಇದಕ್ಕೆ ಯಾವ ಕಥೆಯೂ ಇರಲಿಲ್ಲ.

ದೊಡ್ಡದನ್ನು ಹಳ್ಳದಿಂದ ಎತ್ತಿಸಿ ತರಿಸಿಕೊಂಡಿದ್ದ ಮಿಸ್ತ್ರಿ, ಹತ್ತು ದಿನಕ್ಕೆ ಬಡಕಲನ್ನು ರೆಡಿ ಮಾಡಿ ಹೇಳಿ ಕಳಿಸಿದ. ಹೋದೆ. ಕಿಕ್ ಹೊಡೆದ. ಅದೇ ಸಪ್ಪಳ. ಹ್ಯಾಂಡಲ್ ಮುಟ್ಟಲಾಗದೆ, ಸೊಂಟ ನೋವೆಂದು ಸುಳ್ಳು ಹೇಳಿ ಬಂದೆ. ಆ ಗಾಡಿಯನ್ನೂ ಕೊಳ್ಳಲಿಲ್ಲ, ಬೇರೆ ಯಾವುದನ್ನೂ ಕೊಳ್ಳಲಿಲ್ಲ. ಮತ್ತೆ ಬಸ್ಸು, ಮತ್ತೆ ಚಪ್ಪಲಿ.

ಮಳೆಗಾಲ ಹಿಡಿದ ಮೇಲೆ ಮಾಳಪ್ಪನ ದಡ್ಡಿಗೆ ಬೇನೆ ಬಿತ್ತು. ನಸುಕಿನಲ್ಲಿ ಸುದ್ದಿ ಬಂತು, ನಾನು ನಡೆದು ಮುಟ್ಟಿದಾಗ ಹೊತ್ತು ಇಳಿದಿತ್ತು. ಅವನ ಹಿಂಡಿನಲ್ಲಿ ನಿಂತ ಕುರಿಗಳಿಗಿಂತ ಮಲಗಿದ್ದವೇ ಹೆಚ್ಚು. ಸೂಜಿಯ ಪೆಟ್ಟಿಗೆ ತೆರೆಯಲೋ ಬೇಡವೋ ತಿಳಿಯದೆ ನಿಂತೆ. ಮುದುಕ ಸತ್ತ ಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸಿಟ್ಟಿಲ್ಲದೆ ಕೇಳಿದ.

“ಅವತ್ತ ನಿಮ್ಮನ್ನ ಎತ್ತಾಕ ಬಂದಿತ್ತಲ್ರಿ ಆ ಗಾಡಿ, ಅದನ್ಯಾಕ ತರಲಿಲ್ರಿ?”

ಅದು ಎತ್ತಲು ಬಂದಿತ್ತೇ? ನನಗೆ ಆವತ್ತೂ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಹೆದರಿದ್ದು ಮಾತ್ರ ನಿಜ. ಅದನ್ನು ಅವನಿಗೆ ಹೇಳದೆ, ಪೆಟ್ಟಿಗೆ ತೆರೆದು, ಇನ್ನೂ ನಿಂತಿದ್ದ ಕುರಿಗಳ ಕಡೆಗೆ ನಡೆದೆ.