ನಜ್ಮಾದ ದರ್ಜಿಯ ಮಗಳು ಹೇಳದ ಮಾತು

ಊರಿನ ಪತ್ರಿಕೆಯೊಂದರ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಹದಿನಾಲ್ಕು ವರ್ಷ ಕುಳಿತು ದೋಹಾಕ್ಕೆ ಬಂದವನು ನಾನು. ಇಲ್ಲಿನ ಕನ್ನಡಿಗರು ಅದನ್ನು ಪತ್ತೆ ಮಾಡಿ ತಮ್ಮ ಮಾಸಪತ್ರಿಕೆಯನ್ನು ನನ್ನ ತಲೆಗೆ ಕಟ್ಟಿದರು. ಅದರಲ್ಲಿ ತಪ್ಪದೆ 'ನೈಜ ಕಥೆ' ಬರೆಯುವವರೊಬ್ಬರಿದ್ದರು. ಅಬು ಹಮೂರಿನ ವಿಲ್ಲಾದಲ್ಲಿ ವಾಸ, ಕಂಪನಿಯೊಂದರಲ್ಲಿ ಮ್ಯಾನೇಜರ್. ಅವರ ಕಥೆಗಳಲ್ಲಿ ಕಾರ್ಮಿಕರು ಸದಾ ಆಕಾಶ ನೋಡುತ್ತಿದ್ದರು. ನಾನು ಕಂಡ ಕಾರ್ಮಿಕರು ಬಸ್ಸು ಬಂತಾ ಎಂದು ನೋಡುತ್ತಿದ್ದರು.

ಒಮ್ಮೆ ಅವರು ಇಲ್ಲಿನ ನಜ್ಮಾ ಬಡಾವಣೆಯ ದರ್ಜಿಯೊಬ್ಬರ ಬಗ್ಗೆ ಬರೆದರು. ಬಂಟ್ವಾಳದ ಕಡೆಯ ಆ ದರ್ಜಿ ಹನ್ನೊಂದು ವರ್ಷದ ನಂತರ ಊರಿಗೆ ಹೋದಾಗ ಮಗಳು ಬಾಗಿಲಲ್ಲಿ ನಿಂತು, 'ಯಾರು ಬೇಕಿತ್ತು?' ಎಂದಳಂತೆ. ಅಂಗಡಿ ಯಾವ ಗಲ್ಲಿಯಲ್ಲಿದೆ, ದರ್ಜಿಯ ಎಡಗೈಯ ಯಾವ ಬೆರಳು ಮೊಂಡು ಎಂಬುದೆಲ್ಲ ಅದರಲ್ಲಿತ್ತು. ನಾನು ಕಾಗುಣಿತ ತಿದ್ದಿ ಅಚ್ಚಿಗೆ ಕಳಿಸಿದೆ. ನಿಜವೇ ಎಂದು ಕೇಳಲು ಒಂದು ಫೋನೂ ಮಾಡಲಿಲ್ಲ. ಡೆಸ್ಕಿನಲ್ಲಿ ಹೊಸಬರು ಹೀಗೆ ಮಾಡಿದರೆ ಎಲ್ಲರೆದುರು ಬೈಯುತ್ತಿದ್ದವನು ನಾನೇ.

ಸಂಚಿಕೆ ಬಂದ ವಾರದಲ್ಲೇ ದರ್ಜಿ ನನ್ನನ್ನು ಹುಡುಕಿಕೊಂಡು ಬಂದರು.

"ಎಂತ ಮಾರಾಯ್ರೆ, ನಾನು ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವವ. ಇದು ವಾಟ್ಸ್ಯಾಪಿನಲ್ಲಿ ಮಗಳ ಕಾಲೇಜಿಗೂ ಮುಟ್ಟಿದೆ. 'ಅಪ್ಪ, ನಾನು ಹಾಗೆ ಯಾವಾಗ ಕೇಳಿದೆ? ನೀವೇ ಹೇಳಿ ಬರೆಸಿದ್ದಾ?' ಅಂತ ಕೇಳಿ ಫೋನ್ ಇಟ್ಟವಳು ಮತ್ತೆ ತೆಗೆಯುದೇ ಇಲ್ಲ."

ಅವರೆದುರೇ ಲೇಖಕರಿಗೆ ಫೋನ್ ಮಾಡಿದೆ.

"ಅದು ಇಮ್ಯಾಜಿನೇಶನ್, ಸರ್. ಸತ್ಯಕ್ಕಿಂತ ದೊಡ್ಡ ಸತ್ಯ," ಎಂದರು.

"ಹಾಗಾದರೆ ಆ ಗಲ್ಲಿ, ಆ ಬೆರಳು ತೆಗೆಯಬೇಕಿತ್ತು."

"ತೆಗೆದ್ರೆ ಯಾರು ನಂಬ್ತಾರೆ? ನಂಬದಿದ್ರೆ ಅಳ್ತಾರಾ? ಖಲಾಸ್, ಬಿಡಿ ಸರ್."

ಕಲ್ಪನೆಯ ಮೇಲೆ ನನಗೆ ತಕರಾರಿಲ್ಲ. ಒಳ್ಳೆಯ ಕಥೆಗಾರ ಎಲ್ಲೂ ಇಲ್ಲದ ದರ್ಜಿಯೊಬ್ಬನನ್ನು ಹುಟ್ಟಿಸಿ, ಅವನಿಗೊಬ್ಬ ಮಗಳನ್ನು ಕೊಟ್ಟು, ಇಬ್ಬರ ಹೊಣೆಯನ್ನೂ ಹೊರುತ್ತಾನೆ. ಇವರಿಗೆ ಅಷ್ಟು ಕೆಲಸ ಬೇಡ. ಪ್ಯಾಂಟಿನ ಅಳತೆ ಕೊಡಲು ಹೋದಾಗ ಸಿಕ್ಕ ಮನುಷ್ಯನನ್ನು ಎತ್ತಿಕೊಂಡು ಅವನ ಮನೆಗೆ ಕಣ್ಣೀರು ಸೇರಿಸಿದರು. ವರದಿಗಾರನಂತೆ ಕೇಳಿ ತಿಳಿಯುವುದಿಲ್ಲ, ಕಥೆಗಾರನಂತೆ ಕಟ್ಟುವುದೂ ಇಲ್ಲ. ಇಬ್ಬರಿಗೂ ಸಲ್ಲುವ ಮರ್ಯಾದೆ ಮಾತ್ರ ಬೇಕು.

ತಿದ್ದುಪಡಿ ಬರೆದೆ. ಅದರಲ್ಲಿ ಹಳೆಯ ತಪ್ಪನ್ನು ಮತ್ತೆ ಹೇಳಬಾರದೆಂಬುದು ನಾನು ಡೆಸ್ಕಿನಲ್ಲಿ ಕಲಿತ ಪಾಠ. ದರ್ಜಿ ಒಪ್ಪಲಿಲ್ಲ.

"ಅವಳು ಹಾಗೆ ಕೇಳಲೇ ಇಲ್ಲ ಅಂತ ಹಾಕಿ. ನಾನು ಹೇಳಿದ್ದೂ ಅಲ್ಲ ಅಂತ ಹಾಕಿ."

ಹಾಕಿದೆ. ನಾಲ್ಕು ಸಾಲು, ಲೇಖಕರ ಹೊಸ 'ನೈಜ ಕಥೆ' ಬರಬೇಕಿದ್ದ ಪುಟದಲ್ಲಿ. ಉಳಿದ ಜಾಗ ಖಾಲಿ ಬಿಟ್ಟೆ.

ದರ್ಜಿ ಆ ಪುಟದ ಫೋಟೊ ತೆಗೆದು ಮಗಳಿಗೆ ಕಳಿಸಿದರು. ಮರುದಿನ ನಾನು ಅಂಗಡಿಗೆ ಹೋದಾಗ ಉತ್ತರ ತೋರಿಸಿದರು: 'ಆ ಕಥೆ ಓದಿ ಕ್ಲಾಸಿನವರೆಲ್ಲ ಅತ್ತಿದ್ರು ಅಪ್ಪ. ಇದನ್ನೂ ಗ್ರೂಪಿಗೆ ಹಾಕಿದೆ, ಒಬ್ಬರೂ ಮಾತಾಡ್ಲಿಲ್ಲ. ಸಂಜೆ ಫೋನ್ ಮಾಡಿ.'

"ಅವ್ರು ಮಾತಾಡದಿದ್ರೆ ಬೇಡ," ಎಂದು ದರ್ಜಿ ಮೊಬೈಲ್ ಜೇಬಿಗಿಟ್ಟು ಕತ್ತರಿ ಎತ್ತಿಕೊಂಡರು.