ಭರಣಿಯೊಳಗಿನ ಉಲ್ಕೆ

"ಆಕಾಶದಿಂದ ಬಿದ್ದ ಕಲ್ಲು ಎಲ್ಲಿ?" ಎಂದು ಜೀಪಿನಿಂದ ಇಳಿದ ಭೂವಿಜ್ಞಾನಿ ಕೇಳಿದಾಗ ನಮ್ಮ ಅತ್ತೆ ಅವರನ್ನು ನೇರ ಅಡುಗೆಮನೆಗೆ ಕರೆದೊಯ್ದರು. ಮುಟ್ಟಳ್ಳಿಯ ನಮ್ಮ ಗದ್ದೆಗೆ ಬಿದ್ದ ಆ ಕಪ್ಪು ಕಲ್ಲನ್ನು ಅತ್ತೆ, ಉಪ್ಪುನೀರಿನ ಮಾವಿನಕಾಯಿ ತೇಲದಿರಲೆಂದು ಭರಣಿಯೊಳಗೆ ಭಾರಕ್ಕೆ ಇಟ್ಟಿದ್ದರು.

"ಎಂತ ಕಲ್ಲೋ ಮಾರಾಯ್ರೆ! ಎಂಟು ದಿನಕ್ಕೇ ತುಕ್ಕು ಬಿಟ್ಟು ಮಾವಿನಕಾಯಿಯೆಲ್ಲ ಹಾಳಾತು" ಎಂದು ಬಂದವರ ಮೇಲೇ ರೇಗಿದರು.

ಕೆಂಪಾದ ನೀರಿನಿಂದ ಕಲ್ಲನ್ನೆತ್ತಿ ವಿಜ್ಞಾನಿ ತಮ್ಮ ಕರವಸ್ತ್ರದಲ್ಲಿ ಮೆಲ್ಲಗೆ ಒರೆಸಿದರು. "ಒಳಗಿನ ಕಬ್ಬಿಣ ನೋಡಿಯೇ ಉಲ್ಕೆಯ ಜಾತಿ ಗುರುತಿಸುವುದು ಅಮ್ಮ, ಉಪ್ಪುನೀರಿಗೆ ಅದೇ ತುಕ್ಕು ಹಿಡಿದಿದೆ. ಇದಕ್ಕೆ ಭೂಮಿಯಷ್ಟೇ ವಯಸ್ಸು."

ಅತ್ತೆ ಮಾವಿನಕಾಯಿ ಬಿಟ್ಟು, ಕಲ್ಲಿಗೆ ಸುತ್ತಲು ಒಣಬಟ್ಟೆ ತಂದುಕೊಟ್ಟರು.

ಕೋಟ್ಯಂತರ ವರ್ಷ ಆಕಾಶದಲ್ಲಿ ಕೆಡದೆ ಉಳಿದ ಕಲ್ಲು ನಮ್ಮ ಭರಣಿಯಲ್ಲಿ ಎಂಟು ದಿನ ತಾಳಲಿಲ್ಲ. ಈಗ ಹೊಳೆಯ ಕಲ್ಲನ್ನು ಭರಣಿಗೆ ಇಡುವಾಗಲೂ ನಾನು ಒಮ್ಮೆ ತಿರುಗಿಸಿ ನೋಡುತ್ತೇನೆ.