ನಾಲ್ಕೂವರೆ ಅಡಿಯ ಪೈಪು ಹಿಡಿದ ಆಂಜಿನಪ್ಪ

ಬೆಳಗಿನ ಐದೂವರೆ. ಪೀಣ್ಯ ಎರಡನೇ ಹಂತದಲ್ಲಿ ರಾತ್ರಿ ಪಾಳಿ ಮುಗಿಸಿದವರು ಟೀ ಅಂಗಡಿಯ ಮುಂದೆ ನಿಂತಿದ್ದಾರೆ. ಅವರ ಎದುರಿಗೇ ಒಬ್ಬರು ಬಿಳಿ ಪಿವಿಸಿ ಪೈಪೊಂದನ್ನು ಎದೆಗೆ ಅಡ್ಡಲಾಗಿ ಹಿಡಿದು ರಸ್ತೆಯ ಅಂಚಿನಲ್ಲಿ ನಿಧಾನಕ್ಕೆ ನಡೆದು ಬರುತ್ತಿದ್ದಾರೆ. ಪೈಪಿನ ಒಂದು ತುದಿ ನಿಂತ ಲಾರಿಗೆ ತಗುಲುತ್ತದೆ, ಇನ್ನೊಂದು ತುದಿ ಚರಂಡಿಗಾಗಿ ತಂದು ಸುರಿದ ಕಲ್ಲುಚಪ್ಪಡಿಗೆ. ಅವರು ನಿಲ್ಲುತ್ತಾರೆ. ರಸ್ತೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಮಲಗಿದ್ದ ಲಾರಿ ಡ್ರೈವರನ್ನು ಎಬ್ಬಿಸಿ, ಒಂಬತ್ತರೊಳಗೆ ಗಾಡಿ ತೆಗೆಯಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತಾರೆ. ಟೀ ಅಂಗಡಿಯ ಮುಂದಿದ್ದವರಲ್ಲಿ ಯಾರೋ 'ತಲೆ ಕೆಟ್ಟಿದೆ' ಎಂದು ನಗುತ್ತಾರೆ. ಅದೂ ಅವರಿಗೆ ಕೇಳಿಸುತ್ತದೆ.

'ಪೈಪು ದಾಟಿದ್ರೆ ಗಾಡಿ ದಾಟ್ತದೆ ಸಾರ್. ಪೈಪು ತಗುಲಿಕೊಂಡ್ರೆ ಅಲ್ಲೊಬ್ರು ನಿಂತೋಯ್ತಾರೆ. ಅಷ್ಟೇ ಲೆಕ್ಕ' ಎನ್ನುತ್ತಾರೆ.

ಇವರು ಆಂಜಿನಪ್ಪ. ಐವತ್ತಮೂರು ವರ್ಷ. ಬಾಗಲಗುಂಟೆಯ ಹಳೆಯ ಒಕ್ಕಲು ಮನೆತನ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಟ್ಟು ಬೋಲ್ಟಿನ ಕಾರ್ಖಾನೆಯಿದೆ. ಇವರು ಅದರ ಹಿಂದಿನ ಬೀದಿಯ ಸಣ್ಣ ಶೆಡ್ಡೊಂದರಲ್ಲಿ ವೆಲ್ಡರ್. ಇಪ್ಪತ್ತು ವರ್ಷದ ಹಿಂದೆ ಗ್ರೈಂಡಿಂಗ್ ಮಾಡುವಾಗ ಚೂರೊಂದು ಸಿಡಿದು ಎಡಗಣ್ಣು ಹೋಗಿದೆ. ಒಂದೇ ಕಣ್ಣಿನಲ್ಲಿ ಅಗಲದ ಅಂದಾಜು ಸಿಕ್ಕುವುದಿಲ್ಲವಾದ್ದರಿಂದಲೇ ಪೈಪಿನ ಅಳತೆ. ಎರಡು ಕಣ್ಣಿರುವ ನಾವು ಅಂದಾಜನ್ನೇ ನಂಬಿ ಎಷ್ಟು ಜನರನ್ನು ರಸ್ತೆಯಲ್ಲೇ ಬಿಟ್ಟು ಬಂದಿದ್ದೇವೋ.

ಇವತ್ತು ಹತ್ತು ಗಂಟೆಗೆ ಇದೇ ದಾರಿಯಲ್ಲಿ ಕಾರ್ಮಿಕರ ಮೆರವಣಿಗೆ. ಸುಮಾರು ನಾಲ್ಕು ಸಾವಿರ ಜನ, ಎರಡೂಕಾಲು ಕಿಲೋಮೀಟರು, ಕೊನೆಯಲ್ಲಿ ಮೈದಾನದಲ್ಲಿ ಸಭೆ. ಪೊಲೀಸರ ಅನುಮತಿ ಹನ್ನೆರಡು ಗಂಟೆಯವರೆಗೆ ಮಾತ್ರ. ಯಂತ್ರಕ್ಕೆ ಸಿಕ್ಕಿ ಕೈಕಾಲು ಕಳೆದುಕೊಂಡವರನ್ನು ಮನೆಗೆ ಕಳಿಸಬೇಡಿ, ಅದೇ ಕಾರ್ಖಾನೆಯಲ್ಲಿ ಅವರ ಕೈಲಾಗುವ ಕೆಲಸ ಕೊಡಿ ಎಂಬುದು ಬೇಡಿಕೆ. ನಡೆಯುವವರಲ್ಲಿ ಅರವತ್ತಮೂರು ಮಂದಿ ಅಂಗವಿಕಲರು. ಅವರೆಲ್ಲ ಉಳಿದವರ ಜೊತೆಗೇ ಹೊರಟು ಜೊತೆಗೇ ಮುಟ್ಟುವಂತೆ ನೋಡಿಕೊಳ್ಳುವ ಹೊಣೆ ಆಂಜಿನಪ್ಪನವರದು. ಯಾರೂ ಹೊರಿಸಿದ್ದಲ್ಲ, ತಾವೇ ತಲೆಯ ಮೇಲೆ ಎಳೆದುಕೊಂಡದ್ದು.

ಎಳೆದುಕೊಂಡದ್ದಕ್ಕೆ ಕಾರಣ ಹೋದ ವರ್ಷದ ಎಡವಟ್ಟು. ಆಗಲೂ ಅಂಗವಿಕಲರಿಗೆ ಅನುಕೂಲ ಮಾಡಬೇಕೆಂದು ಸಂಘದವರು ತೀರ್ಮಾನಿಸಿದ್ದರು. ಬೋರ್ಡುಗಳ ಮೇಲೆ ಗಾಲಿಕುರ್ಚಿಯ ಚಿತ್ರ ಇರುತ್ತದಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಆಂಜಿನಪ್ಪ ಮೂರಡಿ ಅಗಲದ ಕಬ್ಬಿಣದ ಇಳಿಜಾರು ಹಲಗೆಗಳನ್ನು ಮಾಡಿದರು. ಬಣ್ಣವನ್ನೂ ಬಳಿದರು. ಮೆರವಣಿಗೆಯ ದಿನ ನೋಡಿದರೆ ಗಾಲಿಕುರ್ಚಿಯಲ್ಲಿ ಬಂದವರು ಇಬ್ಬರೇ. ಮಿಕ್ಕವರೆಲ್ಲ ಬಂದದ್ದು ಎರಡೂ ಪಕ್ಕಕ್ಕೆ ಒಂದೊಂದು ಹೆಚ್ಚಿನ ಚಕ್ರ ಕೂಡಿಸಿದ ಸ್ಕೂಟರುಗಳಲ್ಲಿ. ಗುಂಡಿ ಬಿದ್ದ ಈ ರಸ್ತೆಗಳಲ್ಲಿ ದಿನಾ ಓಡಾಡುವವರು ಮತ್ತಿನ್ನೇನು ತರುತ್ತಾರೆ! ಅವುಗಳ ಅಗಲ ನಾಲ್ಕು ಅಡಿಗೆ ಹತ್ತಿರ. ಒಂದೂ ಹಲಗೆ ಹತ್ತಲಿಲ್ಲ.

'ಇಲ್ಲೇ ಹುಟ್ಟಿ ಬೆಳೆದೋನು ನಾನು. ದಿನಾ ಕಣ್ಮುಂದೆ ಓಡಾಡೋ ಗಾಡಿಗಳು. ಒಬ್ರುನ್ನಾದ್ರೂ ಕೇಳಿದ್ನಾ, ನೀವು ಯಾತರಾಗೆ ಬತ್ತೀರಾ ಅಂತ? ಚಿತ್ರ ನೋಡ್ಕೊಂಡು ವೆಲ್ಡಿಂಗ್ ಮಾಡ್ದೆ' ಎನ್ನುವಾಗ ಅವರ ದನಿ ಕುಗ್ಗುತ್ತದೆ.

ಆ ದಿನ ಮೈದಾನದ ಗೇಟಿನ ಹೊರಗೇ ಉಳಿದವರಲ್ಲಿ ಶಶಿಕಲಾ ಒಬ್ಬರು. ಪ್ರೆಸ್ ಯಂತ್ರದ ಅಚ್ಚು ಜಾರಿ ಕಾಲಿನ ಮೇಲೆ ಬಿದ್ದು, ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಗೇಜು ಹಿಡಿದು ಬಿಡಿಭಾಗಗಳ ಅಳತೆ ನೋಡುವ ಕೆಲಸ ಕೂತೇ ಮಾಡಬಹುದು, ಅವರಿಗೆ ಗೊತ್ತಿರುವ ಕೆಲಸವೂ ಹೌದು. ಕಾರ್ಖಾನೆಯವರು ಮಾತ್ರ ಆರೋಗ್ಯ ನೋಡಿಕೊಳ್ಳಮ್ಮ ಎಂದು ಕಳಿಸಿಬಿಟ್ಟರು. ಈಗ ಹೆಗ್ಗನಹಳ್ಳಿಯ ಬಾಡಿಗೆ ಮನೆಯಲ್ಲಿ ಸೀರೆಗಳಿಗೆ ಫಾಲ್ ಹೊಲಿಯುತ್ತಾರೆ. ಹೋದ ವರ್ಷ ತಮ್ಮ ಕತೆಯನ್ನು ತಾವೇ ಹೇಳಲು ಬಂದಿದ್ದರು. ಅವರು ಗೇಟಿನ ಹೊರಗೆ ಲಾರಿಯೊಂದರ ಹಿಂದೆ ಕೂತಿರುವಾಗ ವೇದಿಕೆಯ ಮೇಲೆ ಬೇರೆ ಯಾರೋ ಅದನ್ನು ಓದಿದರು. ಓದಿದವರು ಎಡಗಾಲನ್ನು ಬಲಗಾಲು ಮಾಡಿದರು. ಚಪ್ಪಾಳೆಯೂ ಬಿತ್ತು.

'ಯಾವ ಕಾಲು ಹೋಯ್ತು ಅಂತ ಈ ಸಲ ನನ್ ಬಾಯಲ್ಲೇ ಹೇಳ್ಬೇಕು. ಆಮೇಲೆ ಕೆಲಸ ಕೊಡ್ತಾರೋ ಬಿಡ್ತಾರೋ' ಎಂದು ಶಶಿಕಲಾ ನನಗೆ ಹಿಂದಿನ ದಿನ ಫೋನಿನಲ್ಲಿ ಹೇಳಿದ್ದರು.

ಈ ಸಲ ಆಂಜಿನಪ್ಪ ಮೊದಲು ಕೇಳಿದರು. ಎರಡು ತಿಂಗಳು, ದಿನಕ್ಕೆ ಐದಾರು ಫೋನು, ಪಾಳಿ ಮುಗಿದ ಮೇಲೆ. ಬರುವವರಲ್ಲಿ ನಲವತ್ತೊಂದು ಸ್ಕೂಟರು, ಹದಿನಾಲ್ಕು ಊರುಗೋಲು, ಮೂರು ಗಾಲಿಕುರ್ಚಿ, ಐವರಿಗೆ ಕಣ್ಣು ಕಾಣದು ಎಂದು ಗೊತ್ತಾಯಿತು. ಹೆಂಗಸರಿಗೆ ಹೆಂಡತಿ ಈಶ್ವರಮ್ಮನ ಕೈಯಲ್ಲಿ ಫೋನು ಮಾಡಿಸಿದರು. ಶೌಚಾಲಯದ ಚಿಂತೆಗೆ ಆ ಹೆಂಗಸರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯದೆ ಬರುತ್ತಾರೆ ಎಂಬ ಸಂಗತಿ ಹೊರಬಿದ್ದದ್ದು ಹಾಗೆ. ಎರಡು ಕಾರ್ಖಾನೆಗಳ ಬಾಗಿಲು ಬಡಿದು, ಮೆಟ್ಟಿಲಿಲ್ಲದ ಶೌಚಾಲಯಗಳನ್ನು ತೆರೆಸಿದವರೂ ಈಶ್ವರಮ್ಮನೇ.

ದಾರಿಯಲ್ಲಿ ಹನ್ನೊಂದು ಕಡೆ ಚರಂಡಿ, ಅಗೆದು ಬಿಟ್ಟ ಪೈಪ್‌ಲೈನು, ಎತ್ತರದ ಅಂಚು ಇವೆ. ಆಂಜಿನಪ್ಪ ಮಾಡಿಸಿದ ಹೊಸ ಹಲಗೆಗಳು ಆರೇ. ನಾಲ್ಕೂವರೆ ಅಡಿ ಅಗಲ, ಎಂಟಡಿ ಉದ್ದ, ಎತ್ತಲು ನಾಲ್ಕು ಜನ ಬೇಕು. ಒಂದು ಕಡೆ ಮೆರವಣಿಗೆ ದಾಟಿದ ಕೂಡಲೇ ಹಲಗೆಯನ್ನು ಲಗೇಜ್ ಆಟೋಗೆ ಹೇರಿ, ಒಳರಸ್ತೆಯಲ್ಲಿ ಓಡಿ, ಮುಂದಿನ ಜಾಗದಲ್ಲಿ ಹಾಸಬೇಕು. ವೇಗದ ವಿಷಯದಲ್ಲಿ ಸಂಘದ ಕಾರ್ಯದರ್ಶಿ ನರಸಿಂಹಯ್ಯನವರ ಜೊತೆ ಜಟಾಪಟಿಯೇ ನಡೆದಿದೆ. ಬ್ಯಾನರ್ ಹಿಡಿದ ಮುಖಂಡರು ಯಾವಾಗಲೂ ದಾಪುಗಾಲು ಹಾಕುತ್ತಾರೆ, ಹಿಂದಿನವರು ಏದುಸಿರು ಬಿಡುತ್ತಾರೆ. ಈ ಸಲ ಬ್ಯಾನರಿನ ಮುಂದೆ ಅಡ್ಡ ಹಗ್ಗ. ಅದರ ಎರಡು ತುದಿಯಲ್ಲೂ ಊರುಗೋಲಿನವರು. ಅವರನ್ನು ಯಾರೂ ದಾಟುವಂತಿಲ್ಲ.

ಎಂಟೂವರೆಗೆ ಮೈದಾನ ತಲುಪಿದಾಗ ಆಂಜಿನಪ್ಪ ಪೈಪನ್ನು ನೆಟ್ಟಗೆ ಹಿಡಿದು ವೇದಿಕೆಯ ಎತ್ತರ ಅಳೆಯುತ್ತಾರೆ. ಶಾಮಿಯಾನದವರಿಗೆ ಹೇಳಿದ್ದು ಒಂದಡಿ ಎತ್ತರ. ಮುಖಂಡರು ದೂರಕ್ಕೆ ಕಾಣಲಿ ಎಂದು ಅವರು ಎರಡೂವರೆ ಅಡಿ ಏರಿಸಿದ್ದಾರೆ, ಬದಿಗೆ ಮರದ ಮೆಟ್ಟಿಲು ಇಟ್ಟಿದ್ದಾರೆ. ಒಂದಡಿಗಾದರೆ ಒಂದು ಹಲಗೆ ಸಾಕಿತ್ತು. ಈಗ ಮೂರನ್ನು ಉದ್ದಕ್ಕೆ ಜೋಡಿಸಬೇಕು. ಇಲ್ಲಿರುವುದು ಒಂದೇ, ಮಿಕ್ಕ ಐದೂ ದಾರಿಯಲ್ಲಿವೆ. ವೇದಿಕೆ ಬಿಚ್ಚಿ ಕಟ್ಟಲು ಹೊತ್ತಿಲ್ಲ ಎಂದು ಶಾಮಿಯಾನದವರು ಕೈಚೆಲ್ಲುತ್ತಾರೆ.

ನರಸಿಂಹಯ್ಯನವರದು ಸುಲಭದ ಪರಿಹಾರ. ನಾಲ್ಕು ಜನ ಸೇರಿ ಶಶಿಕಲಾರನ್ನು ಎತ್ತಿ ಮೇಲೆ ಕೂರಿಸಿದರಾಯಿತು, ಫೋಟೋಗೂ ಚೆನ್ನಾಗಿರುತ್ತದೆ ಎನ್ನುತ್ತಾರೆ. ಕೆಟ್ಟ ಮನಸ್ಸಿನವರಲ್ಲ, ಅವಸರದವರು.

ಆಂಜಿನಪ್ಪ ದನಿ ಏರಿಸುವುದಿಲ್ಲ. 'ಮೂಟೆ ಎತ್ತಿದಂಗೆ ಎತ್ತಿಸ್ಕಂಡು ಬಂದೋರು ಕೆಲಸ ಕೊಡಿ ಅಂದ್ರೆ ಯಾರು ಕೊಡ್ತಾರೆ ಅಣ್ಣ? ಆಯಮ್ಮ ತನ್ ಗಾಡಿ ತಾನೇ ಓಡಿಸ್ಕಂಡು ಹತ್ತಬೇಕು' ಎನ್ನುತ್ತಾರೆ. ನರಸಿಂಹಯ್ಯ ಪಕ್ಕದ ಕಾರ್ಖಾನೆಯ ಗೋದಾಮಿಗೆ ಫೋನು ಮಾಡಿ, ಹಲಗೆಗಳ ಅಡಿಗೆ ಆಸರೆಯಾಗಲೆಂದು ಸರಕು ಪೇರಿಸುವ ಮರದ ಪ್ಯಾಲೆಟ್‌ಗಳನ್ನು ತರಿಸುತ್ತಾರೆ.

ಹತ್ತಕ್ಕೆ ದೂರದಲ್ಲಿ ಮೆರವಣಿಗೆ ಹೊರಟ ತಮಟೆ ಕೇಳಿಸುತ್ತದೆ. ಮೆರವಣಿಗೆಯ ಕೊನೆಯವರು ಮೊದಲ ಎರಡು ಚರಂಡಿಗಳನ್ನು ದಾಟುವಾಗ ಹತ್ತೂಮುಕ್ಕಾಲು. ಆ ಎರಡು ಹಲಗೆಗಳನ್ನು ಹೇರಿದ ಆಟೋ ಒಳರಸ್ತೆಯಲ್ಲಿ ಹನ್ನೊಂದಕ್ಕೆ ಮೈದಾನಕ್ಕೆ ಬರುತ್ತದೆ. ದಾರಿಯ ಮಿಕ್ಕ ಜಾಗಗಳನ್ನೆಲ್ಲ ಉಳಿದ ಮೂರೇ ಹಲಗೆಗಳಲ್ಲಿ ದಾಟಿಸಬೇಕು. ಪ್ಯಾಲೆಟ್ ಪೇರಿಸಿ, ಹಲಗೆ ಜೋಡಿಸಿ, ಬೋಲ್ಟು ಬಿಗಿಯುವಷ್ಟರಲ್ಲಿ ಘೋಷಣೆಗಳು ಗೇಟಿನ ಬಳಿ ಬಂದಿವೆ. ಈ ಗಡಿಬಿಡಿಯಲ್ಲಿ ನನಗೆ ಹೊಳೆಯುವುದೇನೆಂದರೆ, ಇಷ್ಟು ಜನರನ್ನು ನಡೆಸಿದ ಈ ಮನುಷ್ಯ ಮೆರವಣಿಗೆಯಲ್ಲಿ ಒಂದು ಹೆಜ್ಜೆಯೂ ನಡೆದಿಲ್ಲ.

ಹನ್ನೊಂದೂಮುಕ್ಕಾಲಿಗೆ ಶಶಿಕಲಾರ ಸ್ಕೂಟರು ಹಲಗೆಯ ಬುಡಕ್ಕೆ ಬರುತ್ತದೆ. ಅಷ್ಟರಲ್ಲಿ ನಡುವಿನ ಪ್ಯಾಲೆಟ್ ಸ್ವಲ್ಪ ಅಲುಗುವುದು ಕಂಡು ಆಂಜಿನಪ್ಪ ಕೆಳಗೆ ನುಗ್ಗಿ ಕೂರುತ್ತಾರೆ, ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿಯುತ್ತಾರೆ. ತಲೆಯ ಮೇಲೆ ಕಬ್ಬಿಣ ಗಡಗಡ ಎನ್ನುತ್ತದೆ. ಸ್ಕೂಟರು ಮೊದಲ ಹಲಗೆ ದಾಟುತ್ತದೆ, ಎರಡನೆಯದರ ಮೇಲೆ ಒಂದು ಕ್ಷಣ ತಡೆಯುತ್ತದೆ, ಇಂಜಿನ್ನಿನ ಸದ್ದು ಏರುತ್ತದೆ. ಆಮೇಲೆ ವೇದಿಕೆಯ ಮೇಲಿದೆ.

ಶಶಿಕಲಾ ಸ್ಕೂಟರಿನಿಂದ ಇಳಿಯುವುದಿಲ್ಲ. ಅಲ್ಲೇ ಕೂತು ಮೈಕು ತೆಗೆದುಕೊಂಡು ಆರು ನಿಮಿಷ ಮಾತಾಡುತ್ತಾರೆ. ಅಧಿಕಾರಿಯೊಬ್ಬರು ಮೇಲೆ ಬಂದು ಅವರ ಕೈಯಿಂದಲೇ ಮನವಿ ಪಡೆಯುತ್ತಾರೆ. ಭರವಸೆಯೇನೂ ಸಿಗಲಿಲ್ಲ, ಪರಿಶೀಲಿಸುತ್ತೇವೆ ಎಂದಷ್ಟೇ. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಸಭೆ ಮುಗಿಯುತ್ತದೆ.

ಮುಂದಿನ ವರ್ಷಕ್ಕೆ ಏನು ಆಸೆ ಎಂದು ಆಂಜಿನಪ್ಪನವರನ್ನು ಕೇಳುತ್ತೇನೆ. ಇನ್ನೆರಡು ಹಲಗೆ ಇದ್ದರೆ ಓಡಾಟ ಕಮ್ಮಿಯಾಗುತ್ತದೆ, ಆಗ ಈಶ್ವರಮ್ಮನ ಜೊತೆ ಒಂದಿಷ್ಟು ದೂರ ತಾವೂ ನಡೆಯಬಹುದು ಎನ್ನುತ್ತಾರೆ. ಅಂಗಿಯ ತುಂಬ ಮರದ ಪುಡಿ. ಹಲಗೆಯ ಕೆಳಗೆ ಕೂತಿದ್ದರಿಂದ ಅವರು ಶಶಿಕಲಾರನ್ನು ಕಾಣಲಿಲ್ಲ, ತಮಟೆ, ಚಪ್ಪಾಳೆಗಳ ಗದ್ದಲದಲ್ಲಿ ಮಾತಿನ ಮೊದಲ ಭಾಗವೂ ಕೇಳಿಸಲಿಲ್ಲ. ಪೈಪು ಕಂಕುಳಲ್ಲಿಟ್ಟು, ನನ್ನ ಹತ್ತಿರಕ್ಕೆ ಬಂದು ಮೆಲ್ಲಗೆ ವಿಚಾರಿಸುತ್ತಾರೆ.

'ಎಡಗಾಲು ಅಂತ್ಲೇ ಯೋಳಿದ್ರು, ಅಲ್ವಾ ಸಾರ್?'